ಹಳೆಯ ಚಿಪ್ ಪ್ರೋಗ್ರಾಮರುಗಳನ್ನು ಇಂದಿನ ಗಣಕಯಂತ್ರಗಳಿಗೆ ಹೊಂದಿಸುವ ವಿಚಾರ

1970ರಿಂದ 1990ರವರೆಗಿನ ದಶಕಗಳಲ್ಲಿ ಪ್ರಯೋಗಶಾಲೆಗಳಿಗೂ ಕಾರ್ಖಾನೆಗಳಿಗೂ ಬಂದು ಸೇರಿದ ಅಳತೆಯ ಉಪಕರಣಗಳು, ಲೇತುಗಳ ನಿಯಂತ್ರಕಗಳು, ರೋಹಿತಮಾಪಕಗಳು ಮೊದಲಾದುವುಗಳಲ್ಲಿ ಅನೇಕವು ಇಂದಿಗೂ ದುಡಿಯುತ್ತಿವೆ. ಅವುಗಳ ಬೇರಿಂಗು ಸವೆದರೆ ಬೇರೊಂದನ್ನು ಹಾಕಬಹುದು. ವಿದ್ಯುತ್ ಒದಗಿಸುವ ಭಾಗ ಕೆಟ್ಟರೆ ಹೊಸದನ್ನು ಕಟ್ಟಬಹುದು. ಆದರೆ ಯಂತ್ರದ ನಡೆವಳಿಕೆಯನ್ನೆಲ್ಲ ನಿರ್ಣಯಿಸುವ ಆದೇಶಗಳು ಒಳಗಿನ ಒಂದೆರಡು ಚಿಪ್‌ಗಳಲ್ಲಿ ವಿದ್ಯುದಾವೇಶದ ರೂಪದಲ್ಲಿ ಅಡಗಿರುತ್ತವೆ. ಈ ಆವೇಶ ಶಾಶ್ವತವಾದುದಲ್ಲ. ಅದು ಮಾಸಿಹೋಗುವ ಮೊದಲೇ ಓದಿಟ್ಟುಕೊಂಡು ಮತ್ತೊಂದು ಚಿಪ್‌ಗೆ ಬರೆಯದಿದ್ದಲ್ಲಿ, ಸರ್ವಾಂಗವೂ ಸುಸ್ಥಿತಿಯಲ್ಲಿರುವ ಯಂತ್ರವು ನಿರುಪಯುಕ್ತವಾಗುತ್ತದೆ. ಹಾಗೆ ಓದುವ, ಬರೆಯುವ ಉಪಕರಣಕ್ಕೆ ಚಿಪ್ ಪ್ರೋಗ್ರಾಮರ್ ಎಂದು ಹೆಸರು. (ಆದೇಶಾವಳಿಯನ್ನು ರಚಿಸುವ ವ್ಯಕ್ತಿಗೂ ಇದೇ ಹೆಸರುಂಟು, ಪ್ರಕೃತ ಲೇಖನದಲ್ಲಿ ಈ ಮಾತು ಎಲ್ಲೆಡೆಯೂ ಉಪಕರಣವನ್ನೇ ಸೂಚಿಸುತ್ತದೆ.) ಅಂಥ ಉಪಕರಣವೊಂದು ಅನೇಕ ವಿಭಾಗಗಳ ಬೀರುಗಳಲ್ಲಿ ಇದ್ದೇ ಇದೆ, ಆದರೆ ಇಂದಿನ ಗಣಕಯಂತ್ರದೊಡನೆ ಅದು ಮಾತನಾಡುವುದಿಲ್ಲ. ಈ ಮೌನಕ್ಕೆ ಕಾರಣವೇನು, ಅದನ್ನು ಮುರಿಯುವ ಕ್ರಮವೇನು ಎಂಬುದೇ ಇಲ್ಲಿಯ ವಿಷಯ.

ಮೊದಲು ಚಿಪ್‌ನ ಸ್ವರೂಪವನ್ನು ತಿಳಿಯಬೇಕು. ಅಳಿಸಿ ಮತ್ತೆ ಬರೆಯಬಹುದಾದ, ವಿದ್ಯುತ್ತು ನಿಂತರೂ ಮರೆಯದ ಮೆಮೊರಿಯನ್ನು ಇಂಟೆಲ್ ಸಂಸ್ಥೆಯಲ್ಲಿ ಡಾವ್ ಫ್ರೋಮನ್ ಅವರು ರೂಪಿಸಿ 1971ರಲ್ಲಿ ಪ್ರಕಟಪಡಿಸಿದರು. 1702 ಎಂಬ ಆ ಮೊದಲ ಇಪ್ರಾಮ್‌ನಲ್ಲಿ ಇದ್ದುದು 256 ಬೈಟುಗಳು, ಎಂದರೆ 2048 ಬಿಟ್‌ಗಳು ಮಾತ್ರ. ಇದರ ಪ್ರತಿಯೊಂದು ಕೋಶದಲ್ಲಿಯೂ ಸಿಲಿಕಾನಿನ ಒಂದು ಸಣ್ಣ ತುಣುಕನ್ನು ಅವಾಹಕವಾದ ಆಕ್ಸೈಡಿನಲ್ಲಿ ಸುತ್ತಲೂ ಹುದುಗಿಸಿರುತ್ತಾರೆ. ಹೊರಗಿನ ಯಾವ ತಂತಿಯೂ ಅದನ್ನು ಮುಟ್ಟುವುದಿಲ್ಲವಾದುದರಿಂದ ಅದಕ್ಕೆ ತೇಲುವ ಗೇಟು ಎಂಬ ಹೆಸರು ಬಂದಿದೆ. ಹೆಚ್ಚಿನ ವೋಲ್ಟೇಜನ್ನು ಪ್ರಯೋಗಿಸಿದಾಗ ವೇಗಗೊಂಡ ಇಲೆಕ್ಟ್ರಾನುಗಳು ಆಕ್ಸೈಡಿನ ತಡೆಯನ್ನು ಹಾರಿ ಈ ತುಣುಕನ್ನು ಸೇರುತ್ತವೆ. ವೋಲ್ಟೇಜನ್ನು ತೆಗೆದ ಮೇಲೆ ಅವು ಹಿಂದಿರುಗಲಾರವು. ಸೆರೆಸಿಕ್ಕ ಇಲೆಕ್ಟ್ರಾನುಗಳಿರುವ ಕೋಶವನ್ನು 0 ಎಂದೂ ಬರಿದಾದ ಕೋಶವನ್ನು 1 ಎಂದೂ ಓದುತ್ತೇವೆ. ಚಿಪ್‌ನ ನೆತ್ತಿಯ ಮೇಲಿರುವ ಕ್ವಾರ್ಟ್ಸ್ ಗಾಜಿನ ಕಿಟಕಿಯ ಮೂಲಕ 253.7 ನ್ಯಾನೊಮೀಟರ್ ಅಲೆಯುದ್ದದ ಅತಿನೇರಳೆ ಬೆಳಕನ್ನು ಸುಮಾರು 15–20 ನಿಮಿಷ ಬೀರಿದರೆ, ಇಲೆಕ್ಟ್ರಾನುಗಳು ಆ ಬೆಳಕಿನಿಂದ ಶಕ್ತಿಯನ್ನು ಪಡೆದು ತಡೆಯನ್ನು ದಾಟಿ ಹೊರಬರುತ್ತವೆ, ಬರಹವೆಲ್ಲ ಅಳಿಯುತ್ತದೆ. ಕಿಟಕಿಯ ಮೇಲಣ ಚೀಟಿ ಬಿದ್ದುಹೋದರೆ ನೇರವಾದ ಬಿಸಿಲು ಒಂದು ವಾರದಲ್ಲಿಯೂ ಕೊಠಡಿಯ ಟ್ಯೂಬ್‌ಲೈಟು ಮೂರು ವರ್ಷಗಳಲ್ಲಿಯೂ ಇದೇ ಕೆಲಸವನ್ನು ಮಾಡಬಲ್ಲವೆಂದು ತಯಾರಕರ ವಿವರಣಪತ್ರಗಳೇ ಎಚ್ಚರಿಸುತ್ತವೆ. ನಮ್ಮ ದೇಶದ ಬಿಸಿಲನ್ನು ಬಲ್ಲವರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿಲ್ಲ.

ಇಲೆಕ್ಟ್ರಾನುಗಳನ್ನು ಒಳಗೆ ಸೇರಿಸಲು ಎಷ್ಟು ವೋಲ್ಟು ಬೇಕು, ಎಷ್ಟು ಹೊತ್ತು ಬೇಕು ಎಂಬುದು ಚಿಪ್‌ನಿಂದ ಚಿಪ್‌ಗೆ ಬೇರೆ. ಇಂಟೆಲ್‌ನ 2716ಕ್ಕೆ 25 ವೋಲ್ಟು ಬೇಕು. ಒಂದೊಂದು ಬೈಟಿಗೂ 50 ಮಿಲಿಸೆಕೆಂಡು ಅವಧಿಯ ವಿದ್ಯುತ್ ಸ್ಪಂದವನ್ನು, ಎಂದರೆ ಪಲ್ಸನ್ನು, ಕೊಡಬೇಕು. ಅದರಲ್ಲಿರುವ 2048 ಬೈಟುಗಳಿಗೆ ಒಟ್ಟು 102.4 ಸೆಕೆಂಡು ಹಿಡಿಯುತ್ತದೆ. 2732ಕ್ಕೂ 25 ವೋಲ್ಟೇ. ಆದರೆ ಕೊನೆಯಲ್ಲಿ ‘ಎ’ ಎಂಬ ಒಂದೇ ಅಕ್ಷರ ಸೇರಿದ 2732ಎ ಚಿಪ್‌ಗೆ 21 ವೋಲ್ಟು. ಆ ಅಕ್ಷರವನ್ನು ಗಮನಿಸದೆ 25 ವೋಲ್ಟನ್ನು ಪ್ರಯೋಗಿಸಿದವರಿಗೆ ಉಳಿಯುವುದು ಸತ್ತ ಚಿಪ್. ಮುಂದೆ ಬಂದ 2764ಎ ಮೊದಲಾದುವು 12.5 ವೋಲ್ಟಿಗೆ ಇಳಿದುವು. 2716ರಲ್ಲಿ ಸ್ಪಂದವು ಮೇಲ್ಮುಖವಾದುದು, 2732ರಲ್ಲಿ ಕೆಳಮುಖವಾದುದು. ಹೆಸರುಗಳ ಗೊಂದಲವೂ ಉಂಟು: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಎಂಎಸ್2716 ಎಂಬುದು ಮೂರು ಬಗೆಯ ವಿದ್ಯುತ್ತನ್ನು ಬೇಡುವ ಬೇರೆಯೇ ಚಿಪ್, ಇಂಟೆಲ್‌ನ 2716ಕ್ಕೆ ಸಮನಾದುದು ಅದೇ ಸಂಸ್ಥೆಯ ಟಿಎಂಎಸ್2516. ಇನ್ನೂ ಹಳೆಯ 2708ಕ್ಕೆ +5, −5, +12 ವೋಲ್ಟುಗಳು ಒಟ್ಟಿಗೆ ಬೇಕು, ಬರೆಯುವಾಗ ಸುಮಾರು 26 ವೋಲ್ಟಿನ ಸ್ಪಂದವೂ ಬೇಕು. ಅಲ್ಲದೆ ಅದರ ಒಂದು ವಿಳಾಸಕ್ಕೆ ಬೇಕಾದ ಸ್ಪಂದಗಳನ್ನೆಲ್ಲ ಒಂದೇ ಸಲಕ್ಕೆ ಕೊಡಬಾರದು. ಎಲ್ಲ 1024 ವಿಳಾಸಗಳನ್ನೂ ಒಂದೊಂದು ಮಿಲಿಸೆಕೆಂಡಿನಂತೆ ಸುತ್ತಿ, ಅಂಥ ಸುತ್ತುಗಳನ್ನು ನೂರು ಸಲ ನಡೆಸಬೇಕು.

ಹಳೆಯದನ್ನು ಬಿಟ್ಟು ಹೊಸ ಪ್ರೋಗ್ರಾಮರನ್ನೇ ಏಕೆ ಕೊಳ್ಳಬಾರದು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಇಂದು ಅಗ್ಗವಾಗಿ ದೊರೆಯುವ ಯುಎಸ್‌ಬಿ ಪ್ರೋಗ್ರಾಮರುಗಳು ಸಾವಿರಾರು ಹೊಸ ಚಿಪ್‌ಗಳನ್ನು ಬಲ್ಲವು. ಆದರೆ ಅವುಗಳಲ್ಲಿ ಹಲವು 25 ವೋಲ್ಟನ್ನು ಕೊಡಲಾರವು, −5 ವೋಲ್ಟನ್ನಂತೂ ಅರಿಯವು. ಹಳೆಯ ಯಂತ್ರಗಳು ಹಳೆಯ ಚಿಪ್‌ಗಳ ಕಾಲದಲ್ಲಿಯೇ ಹುಟ್ಟಿದುವು. 2764ಎ ಮತ್ತು ಅದರ ಮುಂದಿನ ಚಿಪ್‌ಗಳು ಮಾತ್ರ ಇರುವವರು ಹೊಸದನ್ನು ಕೊಂಡು ಸುಖವಾಗಿರುವುದೇ ಮೇಲು. ಈ ಶ್ರಮವೆಲ್ಲ ಅವರಿಗೆ ಅನಾವಶ್ಯಕ.

ಇನ್ನು ಮೌನದ ಕಾರಣ. 1980ರ ಮತ್ತು 1990ರ ದಶಕಗಳ ಪ್ರೋಗ್ರಾಮರುಗಳಲ್ಲಿ ಹೆಚ್ಚಿನವು ಐಬಿಎಂ ಮಾದರಿಯ ಗಣಕದ ಮುದ್ರಕಕ್ಕೆಂದು ಇದ್ದ ಪ್ಯಾರಲಲ್ ಪೋರ್ಟಿಗೆ, ಇಲ್ಲವೆ ಗಣಕದೊಳಗಿನ ಐಎಸ್‌ಎ ಸೀಳಿಗೆ ಜೋಡಿಸತಕ್ಕವು. ಪ್ಯಾರಲಲ್ ಪೋರ್ಟೆಂದರೆ ಹದಿನೇಳು ತಂತಿಗಳು: ಹೊರಹೋಗುವ ದತ್ತದ ತಂತಿಗಳು 8, ನಿಯಂತ್ರಣದವು 4, ಒಳಬರುವ ಸ್ಥಿತಿಸೂಚಕಗಳು 5. ಹದಿನಾರರ ಎಣಿಕೆಯಲ್ಲಿ 378 ಎಂಬ ವಿಳಾಸಕ್ಕೆ ಒಂದು ಬೈಟನ್ನು ಕಳುಹಿಸಿದರೆ ಎಂಟು ತಂತಿಗಳು ತಕ್ಷಣ ಆ ರೂಪವನ್ನು ತಾಳುತ್ತವೆ. ಡಾಸ್ ವ್ಯವಸ್ಥೆಯಲ್ಲಿ ಯಾವ ಆದೇಶಾವಳಿ ಬೇಕಾದರೂ ಯಾರ ಅಪ್ಪಣೆಯನ್ನೂ ಕೇಳದೆ ಹೀಗೆ ಮಾಡಬಹುದಾಗಿತ್ತು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯೂ ಆ ವಂಶದ ಇಂದಿನ ವಿಂಡೋಸುಗಳೂ ಸಾಮಾನ್ಯ ಆದೇಶಾವಳಿಗಳಿಗೆ ಈ ಸ್ವಾತಂತ್ರ್ಯವನ್ನು ಕೊಡುವುದಿಲ್ಲ. 64 ಬಿಟ್‌ನ ವಿಂಡೋಸು ಡಾಸ್ ಕಾಲದ ಆದೇಶಾವಳಿಗಳನ್ನು ನಡೆಸುವುದೇ ಇಲ್ಲ. ಅಂಗಡಿಯಲ್ಲಿ ದೊರೆಯುವ, ಯುಎಸ್‌ಬಿಯಿಂದ ಮುದ್ರಕಕ್ಕೆ ಜೋಡಿಸುವ ಕೇಬಲ್ಲನ್ನು ತಂದು ಸಿಕ್ಕಿಸುವವರು ಅನೇಕರಿದ್ದಾರೆ. ಅದು ಮುದ್ರಕಕ್ಕೆ ಅಕ್ಷರಗಳನ್ನು ಒಯ್ಯುತ್ತದೆಯೇ ಹೊರತು ಹದಿನೇಳು ತಂತಿಗಳನ್ನು ಬಿಡಿಬಿಡಿಯಾಗಿ ಆಡಿಸುವುದಿಲ್ಲ. ಪಿಸಿಐ ಸೀಳಿಗೆ ಹಾಕುವ ಪ್ಯಾರಲಲ್ ಕಾರ್ಡು ತಂತಿಗಳನ್ನೇನೋ ಒದಗಿಸುತ್ತದೆ, ಆದರೆ ಸಾಮಾನ್ಯವಾಗಿ 378ರಲ್ಲಲ್ಲದೆ ಬೇರೆ ವಿಳಾಸದಲ್ಲಿ ನೆಲೆಸುತ್ತದೆ. ಹಳೆಯ ಆದೇಶಾವಳಿಯೋ 378, 278, 3ಬಿಸಿ ಎಂಬ ಮೂರು ಮನೆಗಳ ಬಾಗಿಲನ್ನು ತಟ್ಟಿ, ಯಾರೂ ಇಲ್ಲವೆಂದು ಹಿಂದಿರುಗುತ್ತದೆ.

ಆದರೆ ಇವೆಲ್ಲ ಕಣ್ಣಿಗೆ ಕಾಣುವ ಅಡ್ಡಿಗಳು. ಕಾಣದ ಅಡ್ಡಿಯೊಂದಿದೆ, ಅದು ಕಾಲದ ಎಣಿಕೆ. 50 ಮಿಲಿಸೆಕೆಂಡುಗಳನ್ನು ಅಳೆಯಲು ಅಂದಿನ ಕರ್ತೃಗಳಲ್ಲಿ ಅನೇಕರು ಏನನ್ನೂ ಸಾಧಿಸದ ಒಂದು ಆದೇಶವನ್ನು ಇಷ್ಟು ಸಾವಿರ ಸಲ ಸುತ್ತಿಸುತ್ತಿದ್ದರು. ಎಣಿಕೆ ತಮ್ಮ ಮೇಜಿನ ಮೇಲಿದ್ದ ಗಣಕದ ವೇಗಕ್ಕೆ ಸರಿಯಾಗಿತ್ತು. ಸ್ವಲ್ಪ ಎಚ್ಚರಿಕೆಯುಳ್ಳವರು ಮೊದಲು ಗಣಕದ ವೇಗವನ್ನು ಅಳೆದು, ಅನಂತರ ಎಣಿಕೆಯನ್ನು ನಿಶ್ಚಯಿಸುತ್ತಿದ್ದರು. ಟರ್ಬೊ ಪಾಸ್ಕಲ್ ಭಾಷೆಯ ಸಿಆರ್‌ಟಿ ಎಂಬ ಭಾಗವು ಹೀಗೆಯೇ ಮಾಡುತ್ತಿತ್ತು: ಗಡಿಯಾರದ ಒಂದು ಬಡಿತದೊಳಗೆ, ಎಂದರೆ ಸುಮಾರು 55 ಮಿಲಿಸೆಕೆಂಡುಗಳಲ್ಲಿ, ಸುತ್ತು ಎಷ್ಟು ಸಲ ತಿರುಗಿತೆಂದು ಎಣಿಸಿ ಅದನ್ನು 55ರಿಂದ ಭಾಗಿಸುತ್ತಿತ್ತು. ಭಾಗಲಬ್ಧ 65,535ನ್ನು ಮೀರಲಾರದೆಂಬುದು ರಚಿಸಿದವರ ನಂಬಿಕೆ. ಸುಮಾರು 200 ಮೆಗಾಹರ್ಟ್ಸ್ ವೇಗವನ್ನು ಮೀರಿದ ಗಣಕಗಳಲ್ಲಿ ಅದು ಮೀರಿತು. ಆದೇಶಾವಳಿಯು ‘ದೋಷ 200’ ಎಂದು ಒದರಿ, ತೆರೆಯನ್ನು ತೋರುವ ಮೊದಲೇ ನಿಂತುಹೋಗತೊಡಗಿತು.

ಹಾಗೆ ನಿಂತುಹೋಗುವ ಆದೇಶಾವಳಿ ವಾಸ್ತವವಾಗಿ ಉಪಕಾರಿ. ನಿಲ್ಲದೆ ನಡೆಯುವುದು ಅಪಾಯಕಾರಿ. ನೂರು ಪಾಲು ವೇಗದ ಗಣಕದಲ್ಲಿ 50 ಮಿಲಿಸೆಕೆಂಡಿನ ಸ್ಪಂದವು ಅರ್ಧ ಮಿಲಿಸೆಕೆಂಡಾಗುತ್ತದೆ. ತೇಲುವ ಗೇಟಿಗೆ ಸೇರಬೇಕಾದಷ್ಟು ಇಲೆಕ್ಟ್ರಾನುಗಳು ಸೇರುವುದಿಲ್ಲ. ಆದರೂ ಹಲವು ಕೋಶಗಳು ಆ ಹೊತ್ತಿಗೆ 0 ಎಂದೇ ಓದಿಸಿಕೊಳ್ಳಬಹುದು. ‘ಪರಿಶೀಲನೆ ಸರಿ’ ಎಂಬ ಸೂಚನೆಯೂ ಬರಬಹುದು. ಚಿಪ್ಪನ್ನು ಯಂತ್ರದಲ್ಲಿ ಹಾಕುತ್ತಾರೆ, ಮೂಲದ ಚಿಪ್ಪನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸುತ್ತಾರೆ. ಕೆಲವು ತಿಂಗಳಾದ ಮೇಲೆ, ಯಂತ್ರ ಬಿಸಿಯೇರಿದ ಒಂದು ಮಧ್ಯಾಹ್ನ, ಅದು ಅಡ್ಡಾದಿಡ್ಡಿಯಾಗಿ ವರ್ತಿಸತೊಡಗುತ್ತದೆ. ಆ ಹೊತ್ತಿಗೆ ಮೂಲದ ಪ್ರತಿ ಎಲ್ಲಿಯೂ ಇರುವುದಿಲ್ಲ. ಆದುದರಿಂದ ಹಳೆಯ ಪ್ರೋಗ್ರಾಮರನ್ನು ಉಜ್ಜೀವಿಸುವುದೆಂದರೆ ದೀಪ ಬೆಳಗುವಂತೆ ಮಾಡುವುದಲ್ಲ. ಅದರ ಕರ್ತೃ ಉದ್ದೇಶಿಸಿದ್ದ ವೋಲ್ಟೇಜನ್ನೂ ಅವಧಿಯನ್ನೂ ಮತ್ತೆ ಕಂಡುಹಿಡಿದು, ಗಣಕದ ವೇಗಕ್ಕೆ ಒಳಪಡದಂತೆ ಅವುಗಳನ್ನು ಸ್ಥಾಪಿಸುವುದು.

ಕರ್ತೃವಿನ ಉದ್ದೇಶವನ್ನು ತಿಳಿಸುವ ಕಾಗದಪತ್ರಗಳು ಸಾಮಾನ್ಯವಾಗಿ ದೊರೆಯುವುದಿಲ್ಲ. ಮಾಡಿದ ವಸ್ತುವಿನಿಂದ ಮಾಡಿದ ಕ್ರಮಕ್ಕೆ ಹಿಮ್ಮುಖವಾಗಿ ನಡೆಯಬೇಕು. ಇದನ್ನೇ ರಿವರ್ಸ್ ಎಂಜಿನಿಯರಿಂಗ್ ಎನ್ನುತ್ತಾರೆ. ಹಳೆಯ ಗಣಕವೊಂದು ಇನ್ನೂ ಉಸಿರಾಡುತ್ತಿದ್ದರೆ, ಮೊದಲು ಅದರಿಂದಲೇ ಇರುವ ಚಿಪ್‌ಗಳನ್ನೆಲ್ಲ ಓದಿಟ್ಟುಕೊಂಡು, ಫ್ಲಾಪಿಯಲ್ಲಿರುವ ಆದೇಶಾವಳಿಯನ್ನೂ ನಕಲು ಮಾಡಿಕೊಂಡು, ಆಮೇಲೆ ಶೋಧನೆಗೆ ತೊಡಗುವುದು ವಿವೇಕ.

ಫಲಕದ ಪರೀಕ್ಷೆ ಸುಲಭವಾದ ಭಾಗ. ಆ ಕಾಲದ ಫಲಕಗಳು ಎರಡು ಪದರಗಳವು. ಮೇಲಿನ ಅಂಗಗಳು 74ರ ಸರಣಿಯ ಲ್ಯಾಚುಗಳು, ಟ್ರಾನ್ಸಿಸ್ಟರುಗಳು, ಇಂಟೆಲ್ 8255ರಂಥ ಮೂರು ಎಂಟರ ದ್ವಾರಗಳುಳ್ಳ ಚಿಪ್‌ಗಳು. ಮಲ್ಟಿಮೀಟರು ಹಿಡಿದು, ಚಿಪ್ ಕೂರುವ ಗೂಡಿನ ಒಂದೊಂದು ಕಾಲಿನಿಂದಲೂ ತಂತಿ ಎಲ್ಲಿಗೆ ಹೋಗುತ್ತದೆಂದು ಬರೆದುಕೊಂಡರೆ ಎರಡು ಮೂರು ದಿನಗಳಲ್ಲಿ ನಕ್ಷೆ ಸಿದ್ಧವಾಗುತ್ತದೆ. ಕಷ್ಟವಾದುದು ಆದೇಶಾವಳಿಯ ಮನಸ್ಸನ್ನು ತಿಳಿಯುವುದು. ಇದಕ್ಕೆ ಡಾಸ್‌ಬಾಕ್ಸ್, ಕ್ಯೂಇಎಂಯು ಮುಂತಾದ, ಮೂಲಪಠ್ಯ ಎಲ್ಲರಿಗೂ ತೆರೆದಿರುವ ಅನುಕರಣ ತಂತ್ರಾಂಶಗಳು ಬಹಳವಾಗಿ ನೆರವಾಗುತ್ತವೆ. ಇವು ಇಂದಿನ ಗಣಕದೊಳಗೆ ಹಳೆಯ ಗಣಕವೊಂದರ ಭ್ರಮೆಯನ್ನು ಹುಟ್ಟಿಸುತ್ತವೆ. ಮೂಲಪಠ್ಯಕ್ಕೆ ನಾಲ್ಕಾರು ಸಾಲುಗಳನ್ನು ಸೇರಿಸಿದರೆ, 378 ಮತ್ತು ಅದರ ನೆರೆಯ ವಿಳಾಸಗಳಿಗೆ ಹೋಗಿಬರುವ ಪ್ರತಿಯೊಂದು ಬೈಟೂ ಒಂದು ದಿನಚರಿಯಲ್ಲಿ ದಾಖಲಾಗುತ್ತದೆ. ಪ್ರೋಗ್ರಾಮರಾಗಲಿ ಚಿಪ್ಪಾಗಲಿ ಈ ಹಂತದಲ್ಲಿ ಬೇಕಾಗಿಯೇ ಇಲ್ಲ; ಹಾಳಾಗುವುದೂ ಏನಿಲ್ಲ.

ಮೊದಲ ಸಲ ನಡೆಸಿದಾಗ ‘ಉಪಕರಣ ಸಿಕ್ಕಲಿಲ್ಲ’ ಎಂಬ ಸಂದೇಶ ಬಂದು ಕೆಲಸ ನಿಲ್ಲುವುದು ಸಹಜ. ನಿರಾಶರಾಗಬೇಕಾಗಿಲ್ಲ; ಅದೇ ಮೊದಲ ಸುಳಿವು. ದಿನಚರಿಯ ಕೊನೆಯ ಸಾಲುಗಳನ್ನು ನೋಡಿದರೆ, ಆದೇಶಾವಳಿಯು ಒಂದು ಬೈಟನ್ನು ಕಳುಹಿಸಿ ಸ್ಥಿತಿಸೂಚಕಗಳನ್ನು ಓದಿ, ಬೇಕಾದುದು ಬಾರದೆ ನಿಂತಿದೆಯೆಂದು ತಿಳಿಯುತ್ತದೆ. ಐದು ತಂತಿಗಳಿಗೆ ಸಾಧ್ಯವಾದ ಉತ್ತರಗಳು 32 ಮಾತ್ರ. ಒಂದೊಂದಾಗಿ ಕೊಟ್ಟು ನೋಡಬಹುದು, ಇಲ್ಲವೆ ಆದೇಶಾವಳಿಯನ್ನು ಬಿಡಿಸಿ ಓದಿ ತಿಳಿಯಬಹುದು.

ಒಳಗೆ ಪ್ರವೇಶ ದೊರೆತ ಮೇಲೆ, ‘ಓದು’ ಎಂಬ ಆಜ್ಞೆಯ ದಿನಚರಿಯನ್ನು ತೆಗೆಯಬೇಕು. ಸಾಮಾನ್ಯವಾದ ರಚನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲು 0 ಎಂಬ ಬೈಟು, ನಿಯಂತ್ರಣದ ಒಂದು ತಂತಿಯ ಏರಿಳಿತ. ಮತ್ತೆ 0, ಇನ್ನೊಂದು ತಂತಿಯ ಏರಿಳಿತ. ಆಮೇಲೆ ಸ್ಥಿತಿಯನ್ನು ಎರಡು ಸಲ ಓದುವುದು. ಮುಂದಿನ ಸುತ್ತಿನಲ್ಲಿ ಮೊದಲ ಬೈಟು 1, ಅದರ ಮುಂದೆ 2. ಇದು 255ನ್ನು ಮುಟ್ಟಿ 0ಗೆ ಮರಳಿದಾಗ ಎರಡನೆಯ ಬೈಟು 1 ಆಗುತ್ತದೆ, ಗಡಿಯಾರದಲ್ಲಿ ನಿಮಿಷದ ಮುಳ್ಳು ಒಂದು ಸುತ್ತು ಬಂದಾಗ ಗಂಟೆಯ ಮುಳ್ಳು ಒಂದು ಮನೆ ಸರಿಯುವಂತೆ. ಮೊದಲನೆಯದು ವಿಳಾಸದ ಕೆಳಭಾಗವೆಂದೂ ಎರಡನೆಯದು ಮೇಲ್ಭಾಗವೆಂದೂ ಇನ್ನು ಸಂಶಯವಿಲ್ಲ. ಎರಡು ಸಲ ಓದುವುದೇಕೆಂದರೆ, ಒಳಬರುವ ತಂತಿಗಳು ಐದೇ ಆದುದರಿಂದ ಬೈಟನ್ನು ನಾಲ್ಕು ನಾಲ್ಕು ಬಿಟ್‌ಗಳ ಎರಡು ತುಂಡುಗಳಾಗಿ ತರಬೇಕು. ಅವುಗಳಲ್ಲಿ ‘ಬಿಸಿ’ ಎಂಬ ತಂತಿಯನ್ನು ಗಣಕದ ಪೋರ್ಟೇ ತಲೆಕೆಳಗು ಮಾಡಿ ತೋರಿಸುತ್ತದೆ. ಇದನ್ನು ಮರೆತವರ ಪ್ರತಿಯಲ್ಲಿ ಪ್ರತಿ ತುಂಡಿನ ಒಂದು ಬಿಟ್ ಸದಾ ವಿಪರ್ಯಾಸವಾಗಿರುತ್ತದೆ.

ವೋಲ್ಟೇಜನ್ನು ಆರಿಸುವ ಬೈಟನ್ನು ಹಿಡಿಯಲು ಇನ್ನೂ ಸೊಗಸಾದ ಉಪಾಯವುಂಟು. ಪಟ್ಟಿಯಲ್ಲಿ 2732ನ್ನು ಆರಿಸಿ ‘ಬರೆ’ ಎಂಬ ಆಜ್ಞೆಯ ದಿನಚರಿಯನ್ನು ತೆಗೆಯಬೇಕು. ಬಳಿಕ 2732ಎಯನ್ನು ಆರಿಸಿ ಅದೇ ಕಡತವನ್ನು ಬರೆಯಿಸಿ ಇನ್ನೊಂದನ್ನು ತೆಗೆಯಬೇಕು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ, ಸಾವಿರಾರು ಸಾಲುಗಳಲ್ಲಿ ಮುಖ್ಯವಾಗಿ ಭೇದ ಕಾಣುವುದು 25 ವೋಲ್ಟನ್ನು 21 ವೋಲ್ಟಿನಿಂದ ಬೇರ್ಪಡಿಸುವ ಬೈಟಿನಲ್ಲಿ. ಆದರೆ ಇದನ್ನು ಕಾಗದದ ಮೇಲೆ ನಂಬಬಾರದು. ಗೂಡು ಬರಿದಾಗಿರುವಾಗಲೇ ಆ ಬೈಟನ್ನು ನಿಜವಾದ ಉಪಕರಣಕ್ಕೆ ಕಳುಹಿಸಿ, ಕಾಲಿನ ಮೇಲೆ ಬರುವ ವೋಲ್ಟೇಜನ್ನು ಅಳೆಯಬೇಕು. 2716ರ ಮಿತಿ 25 ವೋಲ್ಟಿನ ಆಚೀಚೆ ಒಂದೇ ವೋಲ್ಟು, 26.5ನ್ನು ದಾಟಿದರೆ ಚಿಪ್‌ಗೆ ಆಪತ್ತು. ನಲವತ್ತು ವರ್ಷ ಹಳೆಯ ಕೆಪಾಸಿಟರುಗಳುಳ್ಳ ಉಪಕರಣವು ಸ್ಪಂದದ ಮೊದಲ ಕ್ಷಣದಲ್ಲಿ ಇದಕ್ಕಿಂತ ಮೇಲಕ್ಕೆ ನೆಗೆಯಬಹುದು. ಮಲ್ಟಿಮೀಟರಿಗೆ ಅದು ಕಾಣದು, ಆಸಿಲೋಸ್ಕೋಪೇ ಬೇಕು.

ಅವಧಿಯನ್ನು ಮಾತ್ರ ದಿನಚರಿ ಹೇಳಲಾರದು, ಏಕೆಂದರೆ ಅನುಕರಿಸಿದ ಗಣಕದ ಕಾಲ ನಿಜವಾದ ಕಾಲವಲ್ಲ. ಇಲ್ಲಿ ಚಿಪ್ ತಯಾರಕರ ವಿವರಣಪತ್ರವೇ ಪ್ರಮಾಣ. ಮೂಲ ಕರ್ತೃ 55 ಮಿಲಿಸೆಕೆಂಡು ಕೊಟ್ಟಿದ್ದನೋ 48 ಕೊಟ್ಟಿದ್ದನೋ ಎಂಬ ಕುತೂಹಲ ಇತಿಹಾಸಕ್ಕೆ ಸೇರಿದುದು.

ಈ ತಿಳಿವಳಿಕೆ ಕೈಗೆ ಬಂದ ಮೇಲೆ ಹೊಸ ಗಣಕದಿಂದಲೇ ತಂತಿಗಳನ್ನು ಆಡಿಸಬಹುದಲ್ಲ ಎಂದು ತೋರಬಹುದು. ಯುಎಸ್‌ಬಿಯ ಸ್ವಭಾವ ಇದಕ್ಕೆ ಒಪ್ಪುವುದಿಲ್ಲ. ಅದರ ಸಾಧಾರಣ ವೇಗದ ಬಗೆಯಲ್ಲಿ ಸಂದೇಶಗಳು ಮಿಲಿಸೆಕೆಂಡಿಗೊಂದರಂತೆ ಹೊರಡುವ ಬಂಡಿಗಳಲ್ಲಿ ಹೋಗುತ್ತವೆ. ಒಂದು ಬೈಟನ್ನು ಓದಲು ತಂತಿಗಳ ಹತ್ತು ಚಲನೆಗಳು ಬೇಕಾದರೆ, ಚಲನೆಗೊಂದು ಬಂಡಿಯಂತೆ 65,536 ಬೈಟುಗಳ ಚಿಪ್‌ಗೆ ಸುಮಾರು 11 ನಿಮಿಷ ಬೇಕು. ಅದನ್ನು ಸಹಿಸಬಹುದು, ಆದರೆ ಕೆಲವು ಚಿಪ್‌ಗಳು ಕೇಳುವ 100 ಮೈಕ್ರೊಸೆಕೆಂಡಿನ ಸ್ಪಂದವನ್ನು ಮಿಲಿಸೆಕೆಂಡಿಗೊಮ್ಮೆ ಹೊರಡುವ ಬಂಡಿ ಅಳೆಯಲಾರದು. ಆದುದರಿಂದ ಕೆಲಸವನ್ನು ಇಬ್ಭಾಗ ಮಾಡಬೇಕು. ಯಾವ ಚಿಪ್, ಯಾವ ಕಡತ ಎಂಬ ನಿರ್ಧಾರಗಳು ದೊಡ್ಡ ಗಣಕದಲ್ಲಿರಲಿ. ವಿಳಾಸವಿಡುವುದು, ಸ್ಪಂದವನ್ನು ಅಳೆದು ಕೊಡುವುದು, ಮರಳಿ ಓದುವುದು, ಇವು ಉಪಕರಣದ ಬಳಿಯಲ್ಲಿಯೇ ಇರುವ ಮೈಕ್ರೊಕಂಟ್ರೋಲರಿನ ಪಾಲಿಗಿರಲಿ. ಆರ್ಡುಯಿನೊ ಊನೊ ಎಂಬ ಪ್ರಸಿದ್ಧ ಫಲಕ ಇದಕ್ಕೆ ಒಪ್ಪುತ್ತದೆ. ಅದು 16 ಮೆಗಾಹರ್ಟ್ಸ್ ಗಡಿಯಾರದಿಂದ ನಡೆಯುವುದರಿಂದ ಒಂದು ಮಿಡಿತ 62.5 ನ್ಯಾನೊಸೆಕೆಂಡು. ಅದರ 20 ತಂತಿಗಳಲ್ಲಿ ಎರಡು ಗಣಕದೊಡನೆ ಸಂಭಾಷಣೆಗೆ ಹೋದರೆ 18 ಉಳಿಯುತ್ತವೆ; ಪ್ಯಾರಲಲ್ ಪೋರ್ಟಿಗೆ ಬೇಕಾದುದು 17. ಅದರ 5 ವೋಲ್ಟಿನ ಮಟ್ಟವೂ ಹಳೆಯ ಉಪಕರಣಕ್ಕೆ ಹೊಂದುತ್ತದೆ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಇದಕ್ಕಿಂತ ಬಹಳ ವೇಗದ್ದು, ಆದರೆ 3.3 ವೋಲ್ಟಿನದು, ನಡುವೆ ಮಟ್ಟವನ್ನು ಬದಲಿಸುವ ಚಿಪ್‌ಗಳಿಲ್ಲದೆ ಅದನ್ನು ಜೋಡಿಸಬಾರದು. ಐಎಸ್‌ಎ ಕಾರ್ಡಿನ ಪ್ರೋಗ್ರಾಮರುಗಳಿಗೂ ತತ್ತ್ವ ಇದೇ, ತಂತಿಗಳು ಮಾತ್ರ ಹೆಚ್ಚು.

ಬರೆದುದು ಗಟ್ಟಿಯಾಗಿದೆಯೆ ಎಂಬುದನ್ನು ತಿಳಿಯಲು ಇಂಟೆಲ್‌ನವರೇ ಮುಂದೆ ಒಂದು ದಾರಿ ತೋರಿದರು. 2764ಎ ಕಾಲದ ಅವರ ಕ್ರಮದಲ್ಲಿ ಒಂದೊಂದು ಮಿಲಿಸೆಕೆಂಡಿನ ಸ್ಪಂದಗಳನ್ನು ಕೊಡುತ್ತ, ಪ್ರತಿ ಸಲವೂ 5ರ ಬದಲು 6 ವೋಲ್ಟಿನ ಸರಬರಾಜಿನಲ್ಲಿ ಓದಿ, ಸರಿಯಾದೊಡನೆ ಅದುವರೆಗೆ ಕೊಟ್ಟುದರ ಮೂರರಷ್ಟು ಅವಧಿಯ ಸ್ಪಂದವನ್ನು ಮೇಲೆ ಸೇರಿಸುತ್ತಾರೆ. ಹೆಚ್ಚಿನ ವೋಲ್ಟೇಜಿನಲ್ಲಿ ಅರೆಬರೆಯಾಗಿ ತುಂಬಿದ ಕೋಶವು ಬರಿದಾದ ಕೋಶದಂತೆ ವಿದ್ಯುತ್ತನ್ನು ಹರಿಸಿ ಸಿಕ್ಕಿಬೀಳುತ್ತದೆ. ಇದೇ ಗುಣವನ್ನು ವಿಲೋಮವಾಗಿ ಬಳಸಿದರೆ ಮಾಸುತ್ತಿರುವ ಹಳೆಯ ಚಿಪ್‌ನಿಂದ ಬರಹವನ್ನು ಮರಳಿ ಪಡೆಯಲೂಬಹುದು: ಸರಬರಾಜನ್ನು 5 ವೋಲ್ಟಿನಿಂದ ಸ್ವಲ್ಪಸ್ವಲ್ಪವಾಗಿ ಕೆಳಗಿಳಿಸುತ್ತ ಓದಿದಲ್ಲಿ, ಆವೇಶವನ್ನು ಸ್ವಲ್ಪ ಕಳೆದುಕೊಂಡ ಕೋಶಗಳು ಮತ್ತೆ 0 ಎಂದು ಓದಿಸಿಕೊಳ್ಳುತ್ತವೆ. ಬೇರೆ ಬೇರೆ ವೋಲ್ಟೇಜುಗಳಲ್ಲಿ ಹಲವು ಸಲ ಓದಿ, ಎಲ್ಲಿ ಪ್ರತಿಗಳು ಒಂದಕ್ಕೊಂದು ಒಪ್ಪುತ್ತವೆಯೋ ಆ ವಲಯವನ್ನು ನಂಬಬೇಕು. ಮೈಕ್ರೊಕಂಟ್ರೋಲರಿಗೆ ಸರಬರಾಜನ್ನು ಬದಲಿಸುವ ಶಕ್ತಿಯನ್ನು ಕೊಟ್ಟರೆ ಈ ಕೆಲಸ ತಾನಾಗಿಯೇ ನಡೆಯುತ್ತದೆ. ಮೂಲ ಉಪಕರಣದ ಸಾಮರ್ಥ್ಯವನ್ನು ಮೀರುವ ಸ್ಥಳ ಇದೊಂದೇ.

ಇಪ್ರಾಮ್‌ಗಳ ವಿವರಣಪತ್ರಗಳಲ್ಲಿ ಬರೆಯುವ ವಿಧಾನ ಬಹಿರಂಗವಾಗಿದೆ. ತರ್ಕದ ಚಿಪ್‌ಗಳ ಕಥೆ ಬೇರೆ. 1985ರಲ್ಲಿ ಲ್ಯಾಟಿಸ್ ಸಂಸ್ಥೆ ತಂದ ಗ್ಯಾಲ್ ಎಂಬ ಚಿಪ್‌ಗಳ ವಿವರಣಪತ್ರದಲ್ಲಿ ತರ್ಕದ ವರ್ಣನೆಯೆಲ್ಲ ಇದ್ದರೂ ಬರೆಯುವ ಕ್ರಮವಿರುತ್ತಿರಲಿಲ್ಲ; ಒಪ್ಪಿಗೆ ಪಡೆದ ಪ್ರೋಗ್ರಾಮರ್ ತಯಾರಕರಿಗೆ ಮಾತ್ರ ಅದು ತಿಳಿದಿತ್ತು. 16ವಿ8 ಎಂಬ ಗ್ಯಾಲ್‌ನಲ್ಲಿ ನಿಶ್ಚಯಿಸಬೇಕಾದ ಬಿಟ್‌ಗಳು 2194. ಎರಡನೆಯ ಕಾಲಿಗೆ ಹೆಚ್ಚಿನ ವೋಲ್ಟೇಜನ್ನು ಕೊಟ್ಟಾಗ ಉಳಿದ ಕಾಲುಗಳ ಅರ್ಥವೇ ಬದಲಾಗಿ ಬಿಟ್‌ಗಳು ಸಾಲಾಗಿ ಒಳಸೇರುವುದು, ಆ ಚಿಪ್‌ಗೆ ಎಷ್ಟು ವೋಲ್ಟು, ಎಷ್ಟು ಅವಧಿ ಎಂಬುದನ್ನು ಚಿಪ್ಪೇ ತನ್ನೊಳಗಿನ ಒಂದು ಸಾಲಿನಲ್ಲಿ ಹೇಳಿಕೊಂಡಿರುವುದು, ಇವೆಲ್ಲ ಹಳೆಯ ಪ್ರೋಗ್ರಾಮರುಗಳನ್ನು ಹಿಮ್ಮುಖವಾಗಿ ಶೋಧಿಸಿದವರಿಂದ ಬೆಳಕಿಗೆ ಬಂದುವು. ಇಂದು ಆಫ್ಟರ್‌ಬರ್ನರ್ ಎಂಬ ತೆರೆದ ಯೋಜನೆಯು ಆರ್ಡುಯಿನೊ ಫಲಕದಿಂದಲೇ ಗ್ಯಾಲ್‌ಗಳನ್ನು ಬರೆಯುತ್ತದೆ. ಹೊಸ ಉಪಕರಣಗಳೂ ಈ ಶೋಧನೆಗೆ ಹೊರತಲ್ಲ: ವಿಂಡೋಸಿಗೆ ಮಾತ್ರ ತಂತ್ರಾಂಶವಿದ್ದ ಟಿಎಲ್866 ಎಂಬ ಯುಎಸ್‌ಬಿ ಪ್ರೋಗ್ರಾಮರಿಗೆ ಮಿನಿಪ್ರೊ ಎಂಬ ಮುಕ್ತ ತಂತ್ರಾಂಶ ಹುಟ್ಟಿದುದು ಹೀಗೆಯೇ.

ಇಂಥ ಶೋಧನೆ ನ್ಯಾಯಸಮ್ಮತವೆ ಎಂದು ಕೇಳುವವರುಂಟು. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1999ರಲ್ಲಿ ಆದ ತಿದ್ದುಪಡಿಯಿಂದ 52ನೆಯ ಪ್ರಕರಣಕ್ಕೆ ಸೇರಿದ ಉಪಖಂಡಗಳು, ಆದೇಶಾವಳಿಯನ್ನು ನ್ಯಾಯವಾಗಿ ಹೊಂದಿರುವವನು ಅದರ ನಡೆಯನ್ನು ಗಮನಿಸಿ ಪರೀಕ್ಷಿಸುವುದಕ್ಕೂ, ಬೇರೆ ತಂತ್ರಾಂಶವು ಅದರೊಡನೆ ಹೊಂದಿಕೊಂಡು ನಡೆಯಲು ಅವಶ್ಯವಾದ ಮಾಹಿತಿ ಸುಲಭವಾಗಿ ದೊರೆಯದಿದ್ದಾಗ ಅದನ್ನು ಕಂಡುಕೊಳ್ಳುವುದಕ್ಕೂ ಅವಕಾಶ ಕೊಡುತ್ತವೆ. ಚಿಪ್‌ನ ಒಳಗಿನ ಬರಹದ ಸ್ವಾಮ್ಯ ಬೇರೆ ಪ್ರಶ್ನೆ. ಸ್ವಂತ ಯಂತ್ರದ ದುರಸ್ತಿಗೆ ಪ್ರತಿ ಮಾಡಿಟ್ಟುಕೊಳ್ಳುವುದನ್ನೂ ಮಾರಾಟಕ್ಕೆ ಪ್ರತಿ ಮಾಡುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕೆಲಸಕ್ಕೆ ತೊಡಗುವವರಿಗೆ ಇನ್ನೊಂದು ಸೂಚನೆ. 2764ಎ ಮುಂತಾದ ಚಿಪ್‌ಗಳಲ್ಲಿ ವಿಳಾಸದ ಎ9 ಎಂಬ ಕಾಲಿಗೆ 12 ವೋಲ್ಟು ಕೊಟ್ಟರೆ ಚಿಪ್ ತನ್ನ ತಯಾರಕರ ಗುರುತನ್ನು ಹೇಳುತ್ತದೆ. ಹಲವು ಪ್ರೋಗ್ರಾಮರುಗಳು ಓದುವ ಮೊದಲೇ ಇದನ್ನು ಕೇಳಿಬಿಡುತ್ತವೆ. 2716ರ ತಲೆಮಾರಿನ ಚಿಪ್‌ಗಳಿಗೆ ಈ ಏರ್ಪಾಡಿಲ್ಲ, ಆ ಕಾಲು 12 ವೋಲ್ಟನ್ನು ತಾಳುವಂತೆ ಮಾಡಿದುದೂ ಅಲ್ಲ. ಒಂದೇ ಒಂದು ಪ್ರತಿ ಉಳಿದಿರುವ ಚಿಪ್ಪನ್ನು ಗೂಡಿಗೆ ಇಡುವ ಮುನ್ನ ಈ ಪ್ರಶ್ನೆಯನ್ನು ತಂತ್ರಾಂಶದಲ್ಲಿ ನಿಲ್ಲಿಸಿ, ಅದೇ ಸಂಖ್ಯೆಯ ಅಗ್ಗದ ಚಿಪ್ಪೊಂದರ ಮೇಲೆ ಓದುವ, ಅಳಿಸುವ, ಬರೆಯುವ ಮೂರು ಕ್ರಿಯೆಗಳನ್ನೂ ಮುಗಿಸಿ ನೋಡತಕ್ಕದ್ದು.